ರಬ್ಬರ್ ಹಚ್ಚಿಸುತ್ತಿದ್ದ ಭೂಗೋಳದ ಮಾಸ್ತರರು

ನಮ್ಮ ಭೂಗೋಳದ ಮಾಸ್ತರರ ಕಪ್ಪು ಕೋಟಿನ ತೋಳಿಗೆ ಸದಾ ರಬ್ಬರಿನ ಪುಡಿ ಅಂಟಿಕೊಂಡಿರುತ್ತಿತ್ತು. ಧಾರವಾಡದ ಕಡೆಯವರು. ಆಂಟಾಪ್ ಹಿಲ್‌ನಿಂದ ನಮ್ಮ ಕನ್ನಡ ಶಾಲೆಗೆ ನಡೆದೇ ಬರುತ್ತಿದ್ದರು. ಬಸ್ಸಿನಲ್ಲಿ ಕೂತರೆ ಮುಂಬಯಿ ಕಾಣುವುದಿಲ್ಲವಂತೆ.

ಜನಸಂಖ್ಯೆಯ ನಕ್ಷೆಗೆ ಬಣ್ಣ ತುಂಬುವುದೆಂದರೆ ನನಗೆ ಪ್ರಾಣ. ಜನ ಹೆಚ್ಚಿದ್ದಲ್ಲಿ ಗಾಢ, ಕಡಿಮೆಯಿದ್ದಲ್ಲಿ ತಿಳಿ. ಅಷ್ಟು ಅಂದವಾಗಿ ತುಂಬಿದ ಯುರೋಪಿನ ಮೇಲೆ ಮಾಸ್ತರರು ಬೆರಳಿಟ್ಟು, "ಪೋಲೆಂಡಿಗೆ ರಬ್ಬರ್ ಹಚ್ಚವಾ" ಎಂದರು. ನನಗೆ ಅಳುವೇ ಬಂತು.

"ಇಲ್ಲಿದ್ದ ಯಹೂದ್ಯರನ್ನ ಯುದ್ಧದಾಗ ಹುಡುಕಿ ಹುಡುಕಿ ಕೊಂದ್ರು. ಕೂಸುಗಳನ್ನೂ ಬಿಡಲಿಲ್ಲ. ಇದ್ದವರನ್ನ ತೋರಿಸಿದಂಗ ಇಲ್ಲದಾದವರನ್ನೂ ತೋರಿಸಬೇಕು. ಪೂರಾ ಅಳಿಸಬ್ಯಾಡ, ಕಲೆ ಉಳೀಲಿ."

ಮರುವಾರ ಲಾಹೋರ್, ಅಮೃತಸರ ಎರಡಕ್ಕೂ ರಬ್ಬರ್ ಹಚ್ಚಿಸಿದರು. ಲಾಹೋರಿಗಷ್ಟೇ ಹಚ್ಚಿಸಿದ್ದರೆ ಯಾರೂ ತಕರಾರು ಮಾಡುತ್ತಿರಲಿಲ್ಲ. ದೇಶ ಒಡೆದಾಗ ಆ ಕಡೆಯಿಂದ ಬಂದ ನಿರಾಶ್ರಿತರ ಬ್ಯಾರಕ್ಕುಗಳು ಶಾಲೆಯ ಹಿಂದೆಯೇ ಇದ್ದವು, ಅವರ ಗೋಳು ಎಲ್ಲರಿಗೂ ಗೊತ್ತಿತ್ತು. ಅಮೃತಸರದಿಂದ ಆಚೆಗೆ ಓಡಿದ ಮುಸಲ್ಮಾನರ ಮಾತು ಯಾರಿಗೂ ಬೇಡವಾಗಿತ್ತು.

ಇನ್‌ಸ್ಪೆಕ್ಟರ್ ಬರುವ ಮುನ್ನಾದಿನ, ಉಡುಪಿ ಕಡೆಯ ನಮ್ಮ ಹೆಡ್‌ಮಾಸ್ತರರು ಹೊಸ ನಕ್ಷೆಗಳ ಕಟ್ಟು ತಂದರು. "ಪುನಃ ಚಂದ ಮಾಡಿ ತುಂಬಿ ಮಕ್ಕಳೇ. ಈ ಕೊಳಕು ನೋಡಿದರೆ ಅವರು ಏನು ಹೇಳಿಯಾರು?" ನನ್ನ ಕೈ ಚಂದವೆಂದು ನನ್ನದೇ ಮಾದರಿಯಾಯಿತು. ನಾನು ಹಿಗ್ಗಿ ಹೀರೇಕಾಯಿಯಾಗಿ ಒಂದು ಕಲೆಯೂ ಇಲ್ಲದಂತೆ ತುಂಬಿಕೊಟ್ಟೆ.

ಇನ್‌ಸ್ಪೆಕ್ಟರ್ ಹೊಗಳಿದರು. ಮಾಸ್ತರರು ಎದ್ದು, "ಇವು ನಾ ಕಲಿಸಿದ ನಕ್ಷೆ ಅಲ್ರಿ ಸಾಹೇಬ್ರ" ಎಂದು ಹಳೆಯವನ್ನು ಮೇಜಿನ ಮೇಲಿಟ್ಟು, ಕಲೆಗಳ ಅರ್ಥ ವಿವರಿಸಿದರು.

"ಇದು ಸಿಲೆಬಸ್ಸಿನಲ್ಲಿದೆಯೇ?"

"ಇಲ್ರಿ. ಭೂಮಿ ಮ್ಯಾಲ ಐತಿ."

ಒಂದು ಸಲ ಸುಮ್ಮನಿರಬಾರದಿತ್ತೇ ಈ ಮನುಷ್ಯ! ನೆನೆದರೆ ಇವತ್ತಿಗೂ ಸಿಟ್ಟು ಬರುತ್ತದೆ. ಮುಂದಿನ ವಾರ ಅವರಿಂದ ಭೂಗೋಳ ಕಿತ್ತುಕೊಂಡು ಚಿತ್ರಕಲೆ ಕೊಟ್ಟರು. ಅಂಥವರು ವರ್ಷವಿಡೀ ನಮ್ಮಿಂದ ಹೂಕುಂಡ ಬರೆಸಿದರು. ನನಗೆ ಹೇಳಿದ್ದು ಒಂದೇ ಮಾತು: "ಬಣ್ಣ ಛಲೋ ತುಂಬಿದ್ದಿ ಬಿಡವಾ." ಬೈದಿದ್ದರೆ ಚೆನ್ನಾಗಿತ್ತು.

ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ದಹಿಸರದ ಶಾಲೆಯೊಂದರಲ್ಲಿ ಭೂಗೋಳವನ್ನೇ ಕಲಿಸುತ್ತಿದ್ದೆ. ಮನೆಗೆ ಬಂದು ಬಿಕ್ಕಿ ಬಿಕ್ಕಿ ಅತ್ತೆ. ಆ ವಾರದಲ್ಲೇ ಹುಡುಗಿಯೊಬ್ಬಳು ಎದ್ದು, ಯುದ್ಧ ಮುಗಿದ ಮೇಲೆ ಪೋಲೆಂಡಿನಲ್ಲಿ ಜನ ಅಷ್ಟೊಂದು ಕಡಿಮೆಯಾದದ್ದೇಕೆ ಎಂದು ಕೇಳಿದಳು. ಹೇಳಬೇಕೆಂದು ಬಾಯಿ ತೆರೆದೆ. ಬಾಗಿಲಲ್ಲಿ ಹೆಡ್‌ಮಿಸ್ಟ್ರೆಸ್ ನಿಂತಿದ್ದರು.

"ಅದು ಪರೀಕ್ಷೆಗೆ ಬರೋದಿಲ್ಲ, ಕೂತ್ಕೋ" ಎಂದೆ.