ಆಫ್ ಎಂದು ತೋರಿಸುತ್ತಿದ್ದ ಮೋಟಾರು

ಬಾವಿಯ ಮೋಟಾರಿನ ಸದ್ದು ಈಗಲೂ ನನ್ನ ಕಿವಿಯಲ್ಲಿ ಇದ್ದಕ್ಕಿದ್ದಂತೆ ಶುರುವಾಗುತ್ತದೆ. ಅಕ್ಕಿ ತೊಳೆಯುವಾಗ, ಕುರಿಗಳಿಗೆ ಸೊಪ್ಪು ಹಾಕುವಾಗ. ಕೈ ನಿಲ್ಲುತ್ತದೆ. ಮಾವ ಎಲ್ಲಿದ್ದಾರೆಂದು ತಲೆ ಎತ್ತಿ ನೋಡುತ್ತೇನೆ.

ತಮಿಳು ಸೀಮೆಯ ಪಾಲಮಲೆ ಬೆಟ್ಟದ ಕೆಳಗೆ ನಮ್ಮ ಹೊಲದಲ್ಲಿ ಎರಡು ಮೋಟಾರುಗಳಿವೆ. ಒಂದು ಬೋರಿನಿಂದ ನೀರೆತ್ತಿ ಬಾವಿಗೆ ಸುರಿಯುತ್ತದೆ. ಇನ್ನೊಂದು ಬಾವಿಯ ತಳದಲ್ಲಿ ಕೂತು ಆ ನೀರನ್ನು ಪೈರಿಗೆ ದೂಡುತ್ತದೆ. ತ್ರೀ ಫೇಸ್ ಕರೆಂಟು ಬಂದಾಗೆಲ್ಲ ಹೊಲಕ್ಕೆ ಓಡುವುದು ತಪ್ಪಲಿ ಎಂದು ನನ್ನ ಮೈದುನ ಹಳೆಯ ಲ್ಯಾಪ್‌ಟಾಪೊಂದಕ್ಕೆ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಹಾಕಿದ. ಮೋಟಾರಿಗೊಂದರಂತೆ, ಸ್ವಿಚ್ಚಿನ ಕೆಲಸ ಮಾಡುವ ಒಂದೇ ಥರದ ಎರಡು ರಿಲೇ ಬೋರ್ಡುಗಳನ್ನು ಅದಕ್ಕೆ ಸಿಕ್ಕಿಸಿ, ಮೋಟಾರು ಶೆಡ್ಡಿಗೆ ತಂತಿ ಎಳೆದು, ಮನೆಯಲ್ಲೇ ಕೂತು ಮೋಟಾರು ಹಾಕುವಂತೆ ಮಾಡಿದ. ಅಂದಕ್ಕೆಂದು ಡೆಸ್ಕ್‌ಟಾಪ್ ಎಫೆಕ್ಟುಗಳನ್ನೂ ಹಾಕಿಕೊಂಡಿದ್ದ. ವಿಂಡೋ ಎಳೆದರೆ ಜೆಲ್ಲಿಯಂತೆ ಅಲುಗಾಡುತ್ತಿತ್ತು, ಮುಚ್ಚಿದರೆ ಹೊಗೆಯಂತೆ ಕರಗುತ್ತಿತ್ತು.

ಆ ಬೆಳಿಗ್ಗೆ ಕರೆಂಟು ಒಮ್ಮೆ ಹೋಗಿ ಬಂದಿತ್ತು. ಮಾವ ಬಾವಿಗಿಳಿದು, ಮೊಣಕಾಲು ನೀರಿನಲ್ಲಿ ನಿಂತು, ಮೋಟಾರಿನ ಜಾಲರಿ ಬಿಚ್ಚಿ, ಒಳಗೆ ಸುತ್ತಿಕೊಂಡಿದ್ದ ಬೇರುಗಳನ್ನು ಬೆರಳಿನಿಂದ ಕೀಳುತ್ತಿದ್ದರು. ಮನೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದ ಮೈದುನನಿಗೆ ಫೋನ್ ಹಚ್ಚಿ ನಾನು ಮೇಲೆ ನಿಂತಿದ್ದೆ.

"ಬೋರ್ ನೀರು ಬಿಡಕ್ಕೇಳಮ್ಮಾ, ಕೆಸರು ಕೊಚ್ಕೊಂಡೋಗ್ಲಿ. ಬೀಡಿ ಕಟ್ಟು ಮೆಟ್ಲ ಮೇಲಿಟ್ಟು ಬತ್ತೀನಿ, ನೆಂದೋದಾತು," ಎಂದರು ಮಾವ.

ನಾನು ಹೇಳಿದೆ, ಮೈದುನ ಬೋರ್ ಆನ್ ಮಾಡಿದ. ಕಾಲ ಕೆಳಗೆ ಬಾವಿಯೇ ಗುಡುಗಿತು.

"ಲೇ, ಬಾವಿ ಮೋಟ್ರು ಓಡ್ತೈತೆ! ಆರ್ಸು!" ಎಂದು ಫೋನಿನಲ್ಲಿ ಕಿರುಚಿದೆ.

"ಇಲ್ಲ ಅಣ್ಣಿ," ಎಂದ. ಅತ್ತಿಗೆಯನ್ನು ಅವನು ತಮಿಳಿನಲ್ಲೇ ಕರೆಯುವುದು. "ಬಾವಿದು ಆಫ್ ಅಂತಾನೇ ಐತೆ."

"ನಿಮ್ಮಪ್ಪ ಒಳಗವ್ರೆ ಕಣೋ!"

"ಸ್ಕ್ರೀನೇ ನಿಂತೋಗೈತೆ ಅಣ್ಣಿ, ಒತ್ತಿದ್ರೂ ಏನೂ ಆಗ್ತಿಲ್ಲ..."

ನಾನು ಶೆಡ್ಡಿಗೆ ಓಡಿ ಮೇನ್ ಎಳೆದೆ. ತಿರುಗಿ ಬಂದು ಬಗ್ಗಿ ನೋಡಲು ಧೈರ್ಯ ಬೇಕಾಯಿತು. ಮಾವ ಮೆಟ್ಟಿಲ ಮೇಲೆ ನಿಂತು ಏನೂ ಆಗದ ತಮ್ಮ ಬಲಗೈಯನ್ನೇ ನೋಡಿಕೊಳ್ಳುತ್ತಿದ್ದರು. ಎಡಗೈಯಲ್ಲಿ ಬೀಡಿ ಕಟ್ಟು.

"ದಿನಾ ಬೈತಿದ್ದೆಯಲ್ಲಮ್ಮಾ, ಬೀಡಿ ಬುಡು ಅಂತ," ಎಂದರು. ನನಗೆ ನಗು ಬರಲಿಲ್ಲ.

ಮನೆಯಲ್ಲಿ ಕಾಲೇಜಿನಲ್ಲಿ ಕಂಪ್ಯೂಟರ್ ಓದಿದವಳು ನಾನೊಬ್ಬಳೇ. ರಿಪೇರಿ ನನ್ನ ಪಾಲಿಗೆ ಬಂತು. ಬೋರ್ಡುಗಳಲ್ಲಿ ಮೊದಲು ಎಚ್ಚರವಾದದ್ದಕ್ಕೆ ಲಿನಕ್ಸ್ ಮೊದಲ ನಂಬರು ಕೊಡುತ್ತದೆ. ಕರೆಂಟು ಹೋಗಿ ಬಂದಾಗ ಎರಡರ ನಂಬರೂ ಅದಲುಬದಲಾಗಿ, ಬೋರ್ ಒತ್ತಿದರೆ ಬಾವಿ ಮೋಟಾರು ಓಡಿತ್ತು. ಆ ಎಫೆಕ್ಟುಗಳ ಭಾರಕ್ಕೆ ಹಳೆಯ ಲ್ಯಾಪ್‌ಟಾಪಿನ ತೆರೆ ಹೆಪ್ಪುಗಟ್ಟಿತ್ತು. ಎಫೆಕ್ಟುಗಳನ್ನು ತೆಗೆದುಹಾಕಿದೆ. ಒಂದು ಬೋರ್ಡಿಗೆ ಬೋರ್, ಇನ್ನೊಂದಕ್ಕೆ ಬಾವಿ ಎಂಬ ಹೆಸರೇ ಯಾವಾಗಲೂ ಬರುವಂತೆ ರೂಲ್ ಬರೆಯಲು ಕೂತೆ. ಆದರೆ ಅಗ್ಗದ ಬೋರ್ಡುಗಳು, ಗುರುತಿಸಲು ಸೀರಿಯಲ್ ನಂಬರು ಕೂಡ ಇಲ್ಲ. ಲ್ಯಾಪ್‌ಟಾಪಿನ ಯಾವ ಯುಎಸ್‌ಬಿ ತೂತಿನಲ್ಲಿ ಸಿಕ್ಕಿಸಿದೆ ಎಂಬುದರ ಮೇಲೆಯೇ ಹೆಸರು ಇಡಬೇಕಾಯಿತು. ಅಂದರೆ ಧೂಳು ಒರೆಸುವಾಗ ಯಾರಾದರೂ ವೈರು ಬದಲಿಸಿದರೆ ಮುಗಿಯಿತು. ಅಪ್‌ಡೇಟ್ ಆದಾಗೆಲ್ಲ ಆ ಜೆಲ್ಲಿ ವಿಂಡೋ ಮತ್ತೆ ಬಂದು ಅಲುಗಾಡುತ್ತದೆ, ಮತ್ತೆ ತೆಗೆಯುತ್ತೇನೆ. ಕಿತ್ತು, ಸಿಕ್ಕಿಸಿ, ಶೆಡ್ಡಿಗೆ ಹೋಗಿ ಯಾವ ಸ್ಟಾರ್ಟರ್ ಟಕ್ ಎಂದಿತೆಂದು ನೋಡಿ ಬರುತ್ತೇನೆ. ಸಾಕಾಗಿದೆ.

ಮೊನ್ನೆ ಮತ್ತೆ ಜಾಲರಿ ಕಟ್ಟಿಕೊಂಡಿತು, ಮಾವ ಬಾವಿಗಿಳಿಯಲು ಹೊರಟರು. ಎಲ್ಲವನ್ನೂ ಪರೀಕ್ಷಿಸಿದೆ, ಸರಿಯಿತ್ತು.

"ಇನ್ನೇನ್ ಬಯ ಅಣ್ಣಿ? ನೀವೇ ಸರಿ ಮಾಡಿದ್ದಲ್ವಾ?" ಎಂದ ಮೈದುನ.

ನಾನು ಶೆಡ್ಡಿಗೆ ಹೋಗಿ ಬಾವಿ ಮೋಟಾರಿನ ಮೂರೂ ಫ್ಯೂಸುಗಳನ್ನು ಕಿತ್ತು ತಂದು, ಮಡಿಲಲ್ಲಿಟ್ಟುಕೊಂಡು ಬಾವಿಯ ಕಟ್ಟೆಯ ಮೇಲೆ ಕೂತೆ.

"ಆಫಾಗೈತಾ ಅಮ್ಮಾ?" ಕೆಳಗಿನಿಂದ ಮಾವ ಕೇಳಿದರು.

"ಫ್ಯೂಸು ನನ್ನತ್ರಾನೇ ಅವೆ ಮಾವ."

ಅವರು ಕೈ ಒಳಗೆ ಹಾಕುವುದನ್ನು ನಾನು ನೋಡಲಿಲ್ಲ. ಮಡಿಲಲ್ಲಿದ್ದುದನ್ನೇ ಎಣಿಸುತ್ತಿದ್ದೆ, ಮೂರು ಇವೆಯೆಂದು ಗೊತ್ತಿದ್ದರೂ.