ಜೋಡಿಮೆಟ್ಟಿಲು

ಅಗ್ನಿಶಾಮಕ ಠಾಣೆಯಲ್ಲಿ ಆ ಮುದುಕನನ್ನು ಹೆಸರು ಹಿಡಿದು ಕರೆದವರೇ ಇಲ್ಲ. ಜೋಡಿಮೆಟ್ಟಿಲು ಅಂದರೆ ಸಾಕು, ಕ್ಯಾಂಟೀನಿನವನಿಗೂ ಗೊತ್ತು. ಒಂದು ಮೆಟ್ಟಿಲು ಬಿಟ್ಟು ಇನ್ನೊಂದಕ್ಕೆ ಕಾಲಿಡುವುದು, ಕಂಬಿ ಮುಟ್ಟದೆ ಹತ್ತುವುದು ಅವನ ಚಾಳಿ. ನಿವೃತ್ತಿಯ ದಿನ ಬೀಳ್ಕೊಡುಗೆಯ ವೇದಿಕೆಯನ್ನೂ ಹಾಗೆಯೇ ಹತ್ತಿ ಎಲ್ಲರನ್ನೂ ನಗಿಸಿದ್ದ. ಕೆಲಸಕ್ಕೆ ಸೇರುವ ಹೊಸಬರಿಗೆಲ್ಲ ಅವನದು ಒಂದೇ ಪಾಠ. "ಬೆಂಕಿ ನಿಮಗೋಸ್ಕರ ಕಾಯ್ತಾ ಕೂತಿರಲ್ಲ. ಎರಡೆರಡು ಹತ್ರೋ! ಕಂಬಿ ಹಿಡಿಯೋದು ಅಜ್ಜಿಯರ ಕೆಲಸ." ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮನುಷ್ಯ, ವಾದ ಮಾಡಿ ಗೆದ್ದವರಿಲ್ಲ. ಮಗನಿಗೆ ನಡೆಯಲು ಬಂದದ್ದೇ ತಡ, ಮನೆಯ ಮೆಟ್ಟಿಲಲ್ಲೇ ಪಾಠ ಶುರುವಾಗಿತ್ತು. ಆ ಮಗ ಬೆಳೆದು ಅಪ್ಪನ ಠಾಣೆಗೇ ಸೇರಿದಾಗ ಮುದುಕ ನೆಲದ ಮೇಲೆ ನಿಂತಿರಲಿಲ್ಲ.

ಕಳೆದ ವರ್ಷ ಒಂದು ಎತ್ತರದ ಕಚೇರಿ ಕಟ್ಟಡಕ್ಕೆ ಬೆಂಕಿ ಬಿತ್ತು. ಲಿಫ್ಟು ನಿಂತುಹೋಗಿ, ಮೆಟ್ಟಿಲ ತುಂಬ ಕೆಳಗಿನಿಂದಲೇ ಹೊಗೆ. ಮಗ ಮುಖವಾಡ ಹಾಕಿ, ಗಾಳಿಯ ಸಿಲಿಂಡರ್ ಬೆನ್ನಿಗೆ ಕಟ್ಟಿಕೊಂಡು ಎಲ್ಲರಿಗಿಂತ ಮುಂದೆ ಹತ್ತಿದ. ಹದಿನಾಲ್ಕನೇ ಮಹಡಿಯಲ್ಲಿ ಸಿಕ್ಕಿಬಿದ್ದಿದ್ದ ಇಬ್ಬರನ್ನು ಹಿಂದೆ ಬಂದವರ ಕೈಗೆ ಒಪ್ಪಿಸಿದ. ತಾನು ಅಲ್ಲೇ ಉಳಿದ. ಸಿಲಿಂಡರಿನ ಗಾಳಿ ಮುಗಿದಿತ್ತು ಎಂದರು. ಯಾಕೆ ಮುಗಿಯಿತು ಎಂದು ಮುದುಕ ಕೇಳಲಿಲ್ಲ. ಸಿಲಿಂಡರೇ ಕೆಟ್ಟದ್ದು, ತುಂಬಿಸುವವರು ಕಳ್ಳರು ಎಂದು ತಾನೇ ತೀರ್ಮಾನಿಸಿ, ಎದುರಿಗೆ ಸಿಕ್ಕವರಿಗೆಲ್ಲ ಅದನ್ನೇ ಹೇಳಿಕೊಂಡು ದಿನ ದೂಡಿದ. ಬೈಯಲು ಯಾರಾದರೂ ಇದ್ದರೆ ದುಃಖ ಸ್ವಲ್ಪ ಹಗುರ, ಅಷ್ಟೇ.

ವರ್ಷ ತುಂಬುವ ದಿನ ಮಗನ ನೆನಪಿಗೆ ಅದೇ ಕಟ್ಟಡದ ಮೆಟ್ಟಿಲು ಹತ್ತುವುದೆಂದು ಠಾಣೆಯವರು ಗೊತ್ತುಮಾಡಿದರು. ಸಿಬ್ಬಂದಿಯೆಲ್ಲರೂ ಬೆನ್ನಿಗೆ ಸಿಲಿಂಡರ್ ಹೊರಬೇಕು. ಮಗನ ಸಿಲಿಂಡರನ್ನು ಮನೆಯವರೊಬ್ಬರು ಹೊತ್ತು ಹದಿನಾಲ್ಕನೇ ಮಹಡಿಗೆ ಒಯ್ದು, ಅಲ್ಲಿ ಗಂಟೆ ಬಾರಿಸಬೇಕು. ಅದಕ್ಕೆ ಮೊದಲು ತರಬೇತಿ ಕಡ್ಡಾಯ. ಮನೆಯಲ್ಲಿ ಉಳಿದದ್ದೋ ಇಬ್ಬರೇ, ಮುದುಕ ಮತ್ತು ಸೊಸೆ. ಸೊಸೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಒದ್ದೆ ಚಾದರಗಳನ್ನು ಎತ್ತಿ ಎತ್ತಿ ಭುಜ ಗಟ್ಟಿ ಮಾಡಿಕೊಂಡವಳು. ವರ್ಷವಿಡೀ ಮಾವನಿಗೆ ಎದುರಾಡದವಳು ಈ ವಿಷಯದಲ್ಲಿ ಮಾತ್ರ ಸೊಂಟಕ್ಕೆ ಸೆರಗು ಬಿಗಿದು ನಿಂತಳು.

"ಮಾವ, ಕೂತ್ರೆ ಏಳೋಕೆ ಬಾಗಿಲು ಹಿಡೀತೀರಿ. ನಿಮಗ್ಯಾಕೆ ಇದು? ನಾನು ಹೊರ್ತೀನಿ. ನೀವು ತರಬೇತಿಗೂ ಬರ್ಬೇಡಿ."

"ಹತ್ತೋಕೆ ಮಂಡಿ ಬೇಡ, ಎದೆ ಬೇಕು. ನನ್ನ ಮಗ ಕಣೇ ಅವ್ನು!"

"ನನಗೇನು ಪಕ್ಕದ್ಮನೆಯವ್ನಾ?"

ಮುದುಕನಿಗೆ ನಗುವೂ ಬಂತು, ಸಿಟ್ಟೂ ಬಂತು. ಗಂಡನ ಸಿಲಿಂಡರಿನ ಮೇಲೂ ಹಕ್ಕು ಸ್ಥಾಪಿಸುತ್ತಾಳಲ್ಲ, ಎಂಥ ಕಲ್ಲುಮನಸ್ಸು ಎಂದುಕೊಂಡ. ಕೊನೆಗೆ ಇಬ್ಬರೂ ತರಬೇತಿಗೆ ಹೋಗುವುದು, ಯಾರು ಸಮರ್ಥರೋ ಅವರು ಹೊರುವುದು ಎಂದಾಯಿತು.

ಠಾಣೆಯ ಹಿಂದೆ ತಾಲೀಮಿಗೆಂದೇ ಕಟ್ಟಿದ ಗೋಪುರ. ಕಿಟಕಿಗಳಿಗೆ ಗಾಜಿಲ್ಲ, ಗೋಡೆಗೆಲ್ಲ ಮಸಿ, ಕಬ್ಬಿಣದ ಮೆಟ್ಟಿಲು ಹೆಜ್ಜೆ ಹೆಜ್ಜೆಗೂ ಢಣ್ ಎನ್ನುತ್ತಿತ್ತು. ಕಲಿಸಲು ಬೇರೆ ಊರಿನಿಂದ ವರ್ಗವಾಗಿ ಬಂದ ಅಧಿಕಾರಿಣಿ. "ಒಂದೊಂದೇ ಮೆಟ್ಟಿಲು. ಕೈ ಕಂಬಿ ಮೇಲೆ. ಏದುಸಿರು ಬಂದ್ರೆ ನಿಂತ್ಕೊಳ್ಳಿ," ಎಂದಳು.

"ಇದೇನು ಹೆಣದ ಹಿಂದೆ ಹೋಗೋ ನಡಿಗೆ!" ಎಂದು ಮುದುಕ ಮೂಗು ಮುರಿದು, ಮುಖವಾಡ ಹಾಕಿ, ಮಂಡಿ ನೋವು ನುಂಗಿಕೊಂಡು ತನ್ನ ಚಾಳಿಯಂತೆಯೇ ನುಗ್ಗಿದ.

ಗಾಳಿ ಕಾಲು ಭಾಗಕ್ಕೆ ಇಳಿದಾಗ ಸಿಲಿಂಡರ್ ತಾನಾಗಿ ಸೀಟಿ ಹೊಡೆಯುತ್ತದೆ. ಆಗ ಎಲ್ಲಿದ್ದರೂ ಹಿಂತಿರುಗಬೇಕು. ಗೋಪುರವನ್ನು ಹತ್ತಿಳಿದು ಮತ್ತೆ ಹತ್ತುವಷ್ಟರಲ್ಲಿ ಮುದುಕನ ಬೆನ್ನಲ್ಲಿ ಸೀಟಿ ಕೂಗಿತು. ಇರುವೆಯಂತೆ ಹತ್ತುತ್ತಿದ್ದ ಸೊಸೆಯ ಸಿಲಿಂಡರ್ ಮಾತ್ರ ತಾಲೀಮು ಮುಗಿದರೂ ತುಟಿ ಪಿಟಕ್ಕೆನ್ನಲಿಲ್ಲ.

"ನೋಡಿದ್ರಾ? ಇದೂ ಕೆಟ್ಟದ್ದು! ನನ್ನ ಮಗನಿಗೂ ಇಂಥದ್ದೇ ಕೊಟ್ಟು ಕೊಂದ್ರಿ!" ಮುದುಕ ಕೂಗಾಡಿದ.

ಅಧಿಕಾರಿಣಿ ಮರುದಿನ ಎರಡನ್ನೂ ಮತ್ತೆ ತುಂಬಿಸಿ, ಮುದುಕನ ಕಣ್ಣೆದುರೇ ಅಳತೆ ತೋರಿಸಿ, ಅವನದನ್ನು ಸೊಸೆಗೆ, ಸೊಸೆಯದನ್ನು ಅವನಿಗೆ ಕಟ್ಟಿದಳು. ಮತ್ತೆ ಸೀಟಿ ಕೂಗಿದ್ದು ಮುದುಕನ ಬೆನ್ನಲ್ಲೇ.

"ವಯಸ್ಸಾಯ್ತಲ್ಲ, ಅದಕ್ಕೆ," ಎಂದು ಸೊಸೆ ಅವಸರವಸರವಾಗಿ ನಡುವೆ ಬಾಯಿ ಹಾಕಿದಳು.

"ವಯಸ್ಸಲ್ಲಮ್ಮ," ಎಂದಳು ಅಧಿಕಾರಿಣಿ, ಒಳ್ಳೆಯ ಮನಸ್ಸಿನಿಂದಲೇ. "ಕಾಲು ಓಡಿದಷ್ಟೂ ಎದೆ ಗಾಳಿ ಕುಡಿಯುತ್ತೆ. ಗಟ್ಟಿಮುಟ್ಟು ಹುಡುಗರೂ ಅಷ್ಟೇ. ಎರಡೆರಡು ಹತ್ತಿದ್ರೆ ಗಾಳಿಯೆಲ್ಲ ಮೆಟ್ಟಿಲ ಮೇಲೇ ಖರ್ಚು, ಬೆಂಕಿ ಹತ್ರ ಹೋಗೋವಾಗ ಏನೂ ಉಳಿಯಲ್ಲ. ಮೂರು ಮಹಡಿಗಾದ್ರೆ ನಡೆಯುತ್ತೆ. ಹೋದ ವರ್ಷದ ಆ ಬೆಂಕಿ ಆದ್ಮೇಲೆ ನಾವು ಕಲಿಸೋದನ್ನೇ ಬದಲಾಯಿಸಿದ್ವಿ." ಯಾರ ಎದುರು ಆಡುತ್ತಿದ್ದೇನೆಂದು ಆಗ ಹೊಳೆದು ನಾಲಿಗೆ ಕಚ್ಚಿಕೊಂಡಳು.

ಮುದುಕನ ಕಾಲದಲ್ಲಿ ಊರಿನಲ್ಲಿ ಮೂರು ಮಹಡಿಗಿಂತ ಎತ್ತರದ ಕಟ್ಟಡವೇ ಇರಲಿಲ್ಲ.

ಮನೆಗೆ ಬಂದವನು ಚಪ್ಪಲಿ ಬಿಡುವುದನ್ನೂ ಮರೆತು ಅಡುಗೆಮನೆಯ ಸ್ಟೂಲಿನ ಮೇಲೆ ಕುಳಿತ. ಸೊಸೆ ಒಲೆ ಹಚ್ಚಿ, ಪಾತ್ರೆಯಿಡದೆ ಹಾಗೇ ನಿಂತಿದ್ದಳು.

"ನಿನಗೆ ಗೊತ್ತಿತ್ತು."

"ತನಿಖೆಯವರು ಮೊದಲ ವಾರವೇ ಹೇಳಿದ್ರು."

"ಅದಕ್ಕೇನಾ ನನ್ನ ಬರಬೇಡ ಅಂದಿದ್ದು?"

ಅವಳು ಹೌದೆಂದು ತಲೆಯಾಡಿಸಿದಳು.

"ನಾನು ಊರೆಲ್ಲ ಸಿಲಿಂಡರ್ ತುಂಬಿಸೋರನ್ನ ಬೈಕೊಂಡು ತಿರುಗಿದ್ನಲ್ಲೇ. ಕೇಳಿಸ್ಕೊಂಡು ಸುಮ್ನಿದ್ಯಲ್ಲ. ಹೇಳಬೇಕಿತ್ತು."

"ಹೇಳಿ ಏನ್ಮಾಡೋದಿತ್ತು ಮಾವ? ಇರೋದು ನಾವಿಬ್ರೇ. ನಿಮ್ಮ ಮೇಲೆ ಸಿಟ್ಟು ಬರ್ತಿರ್ಲಿಲ್ವಾ, ಬರ್ತಿತ್ತು. ಎಷ್ಟೋ ದಿನ ನಿಮಗೆ ಊಟ ಬಡಿಸೋಕೂ ಕೈ ಬರ್ತಿರ್ಲಿಲ್ಲ. ನಿಮ್ಮನ್ನೂ ಕಳ್ಕೊಂಡು ಒಬ್ಳೇ ಕೂರೋ ಶಕ್ತಿ ನನಗಿರ್ಲಿಲ್ಲ, ಅಷ್ಟೇ."

ಮುದುಕ ಅತ್ತ. ಮಗ ಸತ್ತ ದಿನವೂ ಹಾಗೆ ಅತ್ತಿರಲಿಲ್ಲ. ಆ ದಿನ ಅವನ ಒಳಗೆ ಹೆಮ್ಮೆ ಸ್ವಲ್ಪ ಉಳಿದಿತ್ತು. ಅತ್ತು ಮುಗಿದ ಮೇಲೆ, "ಸಿಲಿಂಡರ್ ನೀನೇ ಹೊರು," ಎಂದ. "ಗಂಟೆ ಬಾರಿಸೋ ಹೊತ್ತಿಗೆ ನಿನ್ನ ಹಿಂದೆ ನಿಂತಿರ್ತೀನಿ. ಅಷ್ಟು ಬಿಡು ನನಗೆ." ಮಗ ಉಸಿರು ನಿಲ್ಲಿಸಿದ ನೆಲವನ್ನು ಒಮ್ಮೆ ಮುಟ್ಟಿದರೆ ಸಾಕು, ಬೇರೇನೂ ಬೇಡವೆನಿಸಿತ್ತು ಅವನಿಗೆ.

ವರ್ಷ ತುಂಬಿದ ದಿನ ಮೋಡ ಕವಿದಿತ್ತು. ಕಟ್ಟಡಕ್ಕೆ ಹೊಸ ಬಣ್ಣ ಬಳಿದಿದ್ದರೂ ಮೆಟ್ಟಿಲ ಸಂದಿಗಳಲ್ಲಿ ಮಸಿ ಹಾಗೇ ಇತ್ತು. ಎಲ್ಲರಿಗಿಂತ ಮೊದಲು ಸೊಸೆ ಗಂಡನ ಸಿಲಿಂಡರ್ ಹೊತ್ತು ನಡೆದಳು. ಹಿಂದೆ ಬರಿಗೈಯಲ್ಲಿ ಮುದುಕ, ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು. ಐದನೇ ಮಹಡಿಯ ತಿರುವಿಗೆ ಬರುವಷ್ಟರಲ್ಲಿ ಮಂಡಿ ಉರಿಯತೊಡಗಿತ್ತು. ಸೊಸೆ ತಿರುಗಿ ನೋಡಿದಳು. ಹೋಗು, ಬರುತ್ತೇನೆ ಎಂದು ಕೈಮಾಡಿದ.

ಆಗಲೇ ಕೆಳಗಿನಿಂದ ಬೂಟುಗಳ ಸದ್ದು ಕೇಳಿಸಿತು. ಅವನ ಕೈಯಲ್ಲೇ ಪಾಠ ಕಲಿತ ಹುಡುಗರು, ಸಿಲಿಂಡರ್ ಹೊತ್ತು, ಎರಡೆರಡು ಮೆಟ್ಟಿಲು ಹಾರಿ ಬರುತ್ತಿದ್ದರು. ಮುಂದಿದ್ದವನು ಇವನನ್ನು ಕಂಡು ಹಲ್ಲು ಕಿರಿದ. "ಅಣ್ಣಾ, ಹೇಗಿದೆ? ಹೊಸ ಪಾಠ ಎಲ್ಲ ತರಬೇತಿಗಷ್ಟೇ. ಇವತ್ತು ನೀವು ಕಲಿಸಿದ್ದು!"

ಮುದುಕ ಎರಡೂ ಕೈ ಚಾಚಿ ದಾರಿಗೆ ಅಡ್ಡ ನಿಂತ.

"ನಾನು ಕಲಿಸಿದ್ದು ತಪ್ಪು ಕಣ್ರೋ. ಅದರಿಂದಲೇ ನನ್ನ ಮಗ ಸತ್ತ. ನಡ್ಕೊಂಡು ಹತ್ತಿ."

ಹುಡುಗರು ತಲೆ ತಗ್ಗಿಸಿ, ಕಂಬಿ ಹಿಡಿದು, ಒಬ್ಬರ ಹಿಂದೊಬ್ಬರು ದಾಟಿಹೋದರು. ಅಷ್ಟರಲ್ಲಿ ಕೆಳಗೆ ಮತ್ತೊಂದು ಗುಂಪಿನ ಬೂಟು ಸದ್ದು. ಅದರಲ್ಲೂ ಅವನ ಶಿಷ್ಯರು. ಮುದುಕ ಮೇಲಕ್ಕೊಮ್ಮೆ ನೋಡಿದ. ಆಮೇಲೆ ಅಲ್ಲೇ ನಿಂತು, ಬಂದವರಿಗೆಲ್ಲ ಅದೇ ಮಾತು ಹೇಳಿದ. ಒಬ್ಬೊಬ್ಬರಿಗೆ ಹೇಳುವಾಗಲೂ ಮಗನನ್ನು ಹೊಸದಾಗಿ ಕೊಂದಂತಾಗುತ್ತಿತ್ತು. ಮೇಲೆ ಗಂಟೆ ಬಾರಿಸಿದ್ದು ಅವನಿಗೆ ಮಾತಿನ ನಡುವೆ ಕೇಳಿಸಿತು.

ಎಲ್ಲ ಮುಗಿದು ಸೊಸೆ ಇಳಿದು ಬಂದಾಗ ಅವನಿನ್ನೂ ಐದನೆಯ ತಿರುವಿನಲ್ಲೇ ಇದ್ದ.

"ಮೇಲೆ ಬರಲೇ ಇಲ್ವಲ್ಲ ಮಾವ?"

"ಇಲ್ಲಿ ಕೆಲಸ ಇತ್ತಮ್ಮ," ಎಂದ ಮುದುಕ.