ಗಿರಾಕಿಯ ಕುರ್ಚಿ

ನಮ್ಮ ಮನೆಯಲ್ಲಿ ಮೊದಲು ಡಿಗ್ರಿ ಮಾಡಿದವಳು ನಾನು. ಬೇಸಗೆ ರಜೆಯಲ್ಲಿ ಗೇರುಬೀಜದ ಕಾರ್ಖಾನೆಗೆ ಹೋಗಿ, ಸಿಪ್ಪೆ ತೆಗೆದು, ಕಾಲೇಜಿನ ಫೀಸು ಕಟ್ಟಿದವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಕೇಳದವರಿಗೂ ಹೇಳುತ್ತೇನೆ ಎಂದು ಅಮ್ಮ ನಗಾಡುವುದಿದೆ. ಆ ಬಿ.ಕಾಂ. ನನಗೆ ಮೊದಲು ತಂದುಕೊಟ್ಟದ್ದು ಒಂದು ಕುರ್ಚಿ.

೨೦೦೮ರಲ್ಲಿ ಕುಂದಾಪುರದ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಮಾಡುವ ಕೆಲಸಕ್ಕೆ ಸೇರಿದೆ. ಗಾಜಿನ ಬಾಗಿಲು, ಏಸಿ, ಕೆಳಗೆ ಸೀರೆ, ಮಹಡಿಯಲ್ಲಿ ಮಕ್ಕಳ ಬಟ್ಟೆ. ಬೈಂದೂರಿನಿಂದ ಬ್ರಹ್ಮಾವರದವರೆಗಿನ ಜನ ಮದುವೆ ಜವಳಿಗೆ ಅಲ್ಲಿಗೇ ಬರುತ್ತಿದ್ದರು. ಹಳೆಯ ಬಟ್ಟೆ ಅಂಗಡಿಗಳಲ್ಲಿ ಬಿಳಿ ಹಾಸಿನ ಗಾದಿ ಇರುತ್ತಿತ್ತು; ಅದರ ಮೇಲೆ ಗಿರಾಕಿಯೂ ಕೂರುತ್ತಿದ್ದ, ಸೀರೆ ಬಿಡಿಸಿ ತೋರಿಸುವವನೂ ಕೂರುತ್ತಿದ್ದ. ಈ ಅಂಗಡಿಯಲ್ಲಿ ಗಾದಿಯ ಬದಲು ಉದ್ದದ ಕೌಂಟರ್. ಅದರ ಆಚೆ ಗಿರಾಕಿಗಳಿಗೆ ಕೆಂಪು ಮೆತ್ತೆಯ ಕುರ್ಚಿಗಳು. ಈಚೆ ಸೀರೆ ತೋರಿಸುವ ಹೆಂಗಸರು, ಬೆಳಿಗ್ಗೆ ಶಟರ್ ಎತ್ತಿದಲ್ಲಿಂದ ಅದನ್ನು ಇಳಿಸುವವರೆಗೂ ನಿಂತೇ. ವ್ಯಾಪಾರವಿಲ್ಲದ ಮಧ್ಯಾಹ್ನಗಳಲ್ಲಿ ಕೆಂಪು ಕುರ್ಚಿಗಳು ಖಾಲಿ ಬಿದ್ದಿರುತ್ತಿದ್ದವು. ಆದರೂ ಯಾರೂ ಕೂರುವಂತಿರಲಿಲ್ಲ. ಕೆಲಸದವರು ಕೂತದ್ದನ್ನು ಕಂಡರೆ ಅಂಗಡಿ ನಡೆಯುತ್ತಿಲ್ಲವೆಂದು ಗಿರಾಕಿಗೆ ಅನಿಸುತ್ತದೆ ಎಂಬುದು ಯಜಮಾನರ ಅಭಿಪ್ರಾಯ. ಕಂಪ್ಯೂಟರ್ ಎದುರು ಕೂರಲೇಬೇಕಾದ ನನಗೆ ಮಾತ್ರ ತಿರುಗುವ ಕುರ್ಚಿ.

ಯಜಮಾನರನ್ನು ನಾವೆಲ್ಲ ಅಣ್ಣ ಎಂದೇ ಕರೆಯುತ್ತಿದ್ದೆವು. ಕೆಟ್ಟವರಲ್ಲ. ಕೆಲಸದವರ ಮನೆಯ ಮದುವೆಗೆ ತಪ್ಪದೆ ಬಂದು, ಕೊನೆಯ ಪಂಕ್ತಿಯಲ್ಲಿ ಕೂತು ಉಂಡು ಹೋಗುವವರು. ಚಿಕ್ಕವರಿದ್ದಾಗ ಮುಂಬೈಗೆ ಹೋಗಿ ಹೋಟೆಲಿನಲ್ಲಿ ದುಡಿದು ಮೇಲೆ ಬಂದಿದ್ದರು. ಕಾಲು ನೋವೆಂದವರಿಗೆ ಅವರಲ್ಲಿ ಒಂದೇ ಉತ್ತರ.

"ನಾನ್ ಬೊಂಬಾಯಂಗೆ ಅಷ್ಟ್ ವರ್ಷ ನಿಂತೇ ಕೆಲ್ಸ ಮಾಡದ್ದ್. ನಂಗೆಂತ ಆಯ್ತ್?"

ಹಾಗೆ ಹೇಳುವಾಗ ಅವರು ಗಲ್ಲಾದ ಹಿಂದೆ ಕಾಲು ಚಾಚಿ ಕೂತಿರುತ್ತಿದ್ದರು.

ನನ್ನ ಅಮ್ಮ ಬಸ್ರೂರಿನ ಕಡೆ ಹೊಳೆ ಬದಿಯ ಒಂದು ಹಂಚಿನ ಕಾರ್ಖಾನೆಯಲ್ಲಿ ಹಸಿ ಹಂಚು ಹೊರುತ್ತಿದ್ದವರು. ಅಲ್ಲಿ ಯೂನಿಯನ್ ಇತ್ತು. ೧೯೯೭ರಲ್ಲಿ, ನಾನು ಹೈಸ್ಕೂಲಿಗೆ ಹೋಗುತ್ತಿದ್ದಾಗ, ಆ ಯೂನಿಯನ್ ಹೆಂಗಸರಿಗೆಂದು ಚಾ ಕುಡಿಯುವ ಹೊತ್ತನ್ನೂ ಕೂತು ಕುಡಿಯಲು ಹಂಚು ಹೊದೆಸಿದ ಒಂದು ಮಾಡನ್ನೂ ಕೇಳಿ ಪಡೆದಿತ್ತು. ಕಾರ್ಖಾನೆ ಮುಚ್ಚಿಹೋದ ಮೇಲೂ ಅಮ್ಮ ಆ ಮಾಡಿನ ಸುದ್ದಿ ಬಿಡಲಿಲ್ಲ. ನಾನು ಕೆಲಸಕ್ಕೆ ಸೇರಿದ ವಾರವೇ ಕೇಳಿದರು.

"ನಿಮ್ಮಲ್ಲ್ ಯೂನಿಯನ್ ಇಲ್ಯಾ?"

"ಬಟ್ಟಿ ಅಂಗ್ಡಿಯಂಗೆ ಎಂತ ಯೂನಿಯನ್ ಅಮ್ಮ? ಎಲ್ಲ ಒಂದೇ ಮನೆಯವ್ರ್ ಇದ್ದಾಂಗೆ."

"ಹೌದಾ? ಹಂಗಾರೆ ಆ ಮನ್ಯಗೆ ಯಾರೂ ಕೂಕಂತಿಲ್ಯಾ?"

ನಾನು ಕೂರುತ್ತೇನಲ್ಲ ಎಂದೆ.

ಸೀರೆ ತೋರಿಸುವವರಲ್ಲಿ ಒಬ್ಬಳು ಬಿಜೂರಿನಿಂದ ಬರುತ್ತಿದ್ದಳು. ನನ್ನದೇ ಪ್ರಾಯ. ಗಂಡ ಮುಂಬೈಯ ಹೋಟೆಲಿನಲ್ಲಿ. ಅಲ್ಲಿಂದ ಬರುವ ಹಣವನ್ನು ನಂಬುವ ಹಾಗಿರಲಿಲ್ಲ, ಮನೆ ನಡೆಯುವುದು ಇವಳ ಸಂಬಳದಿಂದ. ಬೆಳಗ್ಗಿನ ಬಸ್ಸಿನಲ್ಲೂ ಅವಳಿಗೆ ನಿಲ್ಲುವ ಜಾಗವೇ ಸಿಗುತ್ತಿದ್ದದ್ದು. ಬಸುರಿಯಾಗಿ ಐದನೆಯ ತಿಂಗಳಲ್ಲಿ, ಒಂದು ಮಧ್ಯಾಹ್ನ ಸೀರೆ ಮಡಚುತ್ತಿದ್ದವಳು ಕೌಂಟರ್ ಹಿಡಿದುಕೊಂಡು ಹಾಗೆಯೇ ಕುಸಿದಳು. ನೀರು ಚಿಮುಕಿಸಿ ಎಬ್ಬಿಸಿದೆವು. ಅಣ್ಣ ಗಾಬರಿಯಾಗಿ ಎಳನೀರು ತರಿಸಿದರು. ಅವಳು ಕುಡಿದು ಸುಧಾರಿಸಿಕೊಂಡ ಮೇಲೆ ಮೆಲ್ಲಗೆ ಹೇಳಿದರು.

"ಹೆಣೆ, ನೀನಿನ್ನ್ ಮನ್ಯಗೆ ಆರಾಮ್ ಮಾಡ್. ಬಾಣಂತನ ಎಲ್ಲ ಮುಗಿಲಿ. ಮತ್ ಕಾಂಬ."

ಆಮೇಲೆ ನೋಡೋಣ ಎಂಬ ಮಾತು ಕೇಳಿ ಮನೆಗೆ ಹೋದವರು ಯಾರೂ ಅಂಗಡಿಗೆ ಮರಳಿದ್ದಿಲ್ಲ. ಅದು ಅವಳಿಗೂ ಗೊತ್ತಿತ್ತು.

"ಇಲ್ಲೆ ಅಣ್ಣಾ, ಏಳ್ ತಿಂಗ್ಳ್ ತನ್ಕ ನಂಗೆ ಮಾಡುಕಾತ್ತ್. ನಡು ನಡು ಒಂಚೂರ್ ಕೂಕಂಬ್ಕ್ ಬಿಟ್ರೆ ಸಾಕ್."

"ನಿನ್ನ್ ಕೂರ್ಸಿರೆ ನಾಳೆ ಎಲ್ಲರೂ ಕೂಕಂತ್ರ್ ಮಾರಾಯ್ತಿ."

ತಿಂಗಳ ಕೊನೆಯವರೆಗೆ ಬರಬಹುದು ಎಂದಲ್ಲಿಗೆ ಮಾತು ನಿಂತಿತು.

ದಾರಿ ಹುಡುಕಿದವಳು ಸೀರೆ ಕೌಂಟರಿನ ಹಿರಿಯಕ್ಕ. ನಮ್ಮಲ್ಲಿ ಮನೆಯವರು ಮಾಡುವ ಸೀಮಂತ ಬೇರೆ. ಜೊತೆಯಲ್ಲಿ ಕೆಲಸ ಮಾಡುವವರು ಬಸುರಿಗೆ ಹೂ ಮುಡಿಸಿ ಬಾಯಿ ಸಿಹಿ ಮಾಡುವುದು ಬೇರೆ. ಅದನ್ನು ಅಂಗಡಿಯಲ್ಲೇ ಮಾಡುವ ಎಂದಳು.

"ಹೂ ಮುಡ್ಸುದ್ ಬೇಡ ಅಂಬ್ಕ್ ಅಣ್ಣಂಗೆ ಬಾಯಿ ಬತ್ತಿಲ್ಲೆ. ನಿಲ್ಸಿ ಹೂ ಮುಡ್ಸುಕೂ ಆತಿಲ್ಲೆ."

ಹಾಗೆಯೇ ಆಯಿತು. ಶುಕ್ರವಾರ ಬೆಳಿಗ್ಗೆ ಗಿರಾಕಿಗಳು ಬರುವ ಮೊದಲು ಮಲ್ಲಿಗೆ, ಅಬ್ಬಲಿಗೆ, ಹಸಿರು ಬಳೆ ತಂದೆವು. ಅಣ್ಣನಿಗೆ ನಮಗಿಂತ ಹೆಚ್ಚು ಸಡಗರ. ತಾವೇ ಒಂದು ಕೆಂಪು ಕುರ್ಚಿಯನ್ನು ಎತ್ತಿ ಕೌಂಟರಿನ ಈಚೆ ಇಟ್ಟರು. "ಕೂಕೋ ಹೆಣೆ, ನಿಂತ್ಕಂಡ್ ಹೂ ಮುಡುದ್ ಎಲ್ಲಾರೂ ಇತ್ತಾ?" ಎಂದರು. ಮಡಿಲಿಗೆ ಹಸಿರು ಸೀರೆಯನ್ನೂ ಇಡಿಸಿದರು. ಶಾಸ್ತ್ರ ಮುಗಿದ ಮೇಲೆ ಕುರ್ಚಿಯನ್ನು ಯಾರೂ ತೆಗೆಯಲಿಲ್ಲ. ಅವಳು ಕೂತಳು. ತಿಂಗಳ ಕೊನೆ ಬಂತು, ಹೋಯಿತು. ಅವಳನ್ನು ಮನೆಗೆ ಕಳಿಸುವ ಮಾತೂ ಬರಲಿಲ್ಲ.

ಮನೆಯಲ್ಲಿ ಇದನ್ನು ನಾನು ಸ್ವಲ್ಪ ದೊಡ್ಡದಾಗಿಯೇ ಹೇಳಿದೆ. ಯೂನಿಯನ್ ಇಲ್ಲದೆ, ಘೋಷಣೆ ಇಲ್ಲದೆ ಕೆಲಸ ಆಯಿತೆಂದೆ. ಅಮ್ಮ ಮೀನು ಕೊಯ್ಯುತ್ತಿದ್ದರು.

"ಒಳ್ಳೇದಾಯ್ತ್. ಆರೆ ಅದ್ ಅವ್ರ್ ಕೊಟ್ಟದ್ದ್. ನೀವ್ ಕೇಂಡ್ ತಕಂಡದ್ದಲ್ಲ."

"ಹೂ ಮುಡ್ದವ್ಳ ಕುರ್ಚಿ ಯಾರ್ ತೆಗಿತ್ರ್ ಅಮ್ಮ?"

"ಹೂ ಎಷ್ಟ್ ದಿನ ತಲೆಯಂಗ್ ಇರತ್ತ್?"

ದೀಪಾವಳಿ ವ್ಯಾಪಾರ ಶುರುವಾದಾಗ ಕೌಂಟರಿನ ಎದುರು ಕಾಲಿಡಲು ಜಾಗವಿರಲಿಲ್ಲ. ಬ್ರಹ್ಮಾವರದ ಒಂದು ದೊಡ್ಡ ಸಂಸಾರ ಜವಳಿ ತೆಗೆಯಲು ಬಂತು, ಕುರ್ಚಿ ಸಾಲಲಿಲ್ಲ. ಅಣ್ಣ ಅವಸರದಲ್ಲಿ ಈಚೆ ಬಂದರು. "ಒಂಚೂರ್ ಏಳ್ ಮಾರಾಯ್ತಿ, ಅಜ್ಜಿಯೊಬ್ರ್ ನಿಂತಿದ್ರ್." ಅವಳು ಎದ್ದಳು. ಎದ್ದದ್ದು ಸರಿಯೇ, ಅಜ್ಜಿಗೂ ಕೂರಬೇಕಲ್ಲ. ಆ ಕುರ್ಚಿ ಮರುದಿನ ಈಚೆ ಬರಲಿಲ್ಲ, ಅದರ ಮರುದಿನವೂ ಇಲ್ಲ. ಅಣ್ಣ ಬೇಕೆಂದು ಮಾಡಿದ್ದಲ್ಲ, ಮರೆತರು ಅಷ್ಟೆ. ಅವಳ ಪಾದ ಚಪ್ಪಲಿಗೆ ಹಿಡಿಸದಷ್ಟು ಬಾತಿತ್ತು. ಇನ್ನು ಬರುವುದು ಕಷ್ಟ ಎಂದು ಅವಳೇ ಹೇಳತೊಡಗಿದಳು.

ನಾನು ಅಮ್ಮನ ಕಾಲದ ಯೂನಿಯನ್ ಮುಖಂಡರೊಬ್ಬರನ್ನು ಕಂಡು ಕೇಳಿದೆ. ನಿಂತು ಕೆಲಸ ಮಾಡುವವರಿಗೆ ಕೂರಲು ವ್ಯವಸ್ಥೆ ಇರಬೇಕೆಂದು ಕಾರ್ಖಾನೆಯ ಕಾನೂನಿನಲ್ಲಿದೆ, ಅಂಗಡಿಗೆ ಅಂಥದ್ದು ಇದ್ದಂತೆ ತನಗೆ ತಿಳಿದಿಲ್ಲ ಎಂದರು. ಅಮ್ಮನ ಸಲಹೆ ಇನ್ನೂ ಹಳೆಯದು.

"ಗೇಟ್ ಬಂದ್ ಮಾಡಿ."

"ಗೇಟಿಲ್ಲೆ ಅಮ್ಮ, ಶಟರ್ ಇಪ್ಪುದ್."

"ಶಟ್ರ್ ಎತ್ತುಕ್ ಮುಂಚೆ ಎಲ್ಲ ಒಟ್ಟಿಗೆ ನಿಲ್ಲಿ. ಒಬ್ಳೇ ಮುಂದ್ ಹೋಪ್ಕಾಗ. ಮುಂದ್ ಹೋದವ್ಳ್ನೇ ಮೊದ್ಲ್ ತೆಗುದ್."

ಬಸ್ಸಿಗೆ ಕಾಯುವಾಗ ಎಲ್ಲರೂ ಮಾತಾಡಿಕೊಂಡೆವು. ಹೇಳಬೇಕಾದ್ದನ್ನು ತುಂಡು ಮಾಡಿ ಹಂಚಿಕೊಂಡೆವು, ಒಬ್ಬೊಬ್ಬರಿಗೆ ಒಂದೊಂದು ಮಾತು. ಬೆಳಿಗ್ಗೆ ಅಣ್ಣ ಸ್ಕೂಟರ್ ನಿಲ್ಲಿಸುವಾಗ ಜಗಲಿಯಲ್ಲಿ ಸಾಲಾಗಿ ನಿಂತಿದ್ದೆವು.

"ಹ್ವಾಯ್, ಎಂತ ಇದ್? ಯಾರ್ ತೀರ್ಕಂಡ್ರ್?"

"ಯಾರೂ ಇಲ್ಲೆ ಅಣ್ಣಾ" ಎಂದಳು ಹಿರಿಯಕ್ಕ. ಅದು ಹಂಚಿಕೊಂಡದ್ದರಲ್ಲಿ ಇರಲಿಲ್ಲ.

"ನಮ್ಗೆ ಕೌಂಟರ್ ಒಳ್ಗೆ ಸ್ಟೂಲ್ ಬೇಕ್" ಎಂದಳು ಪಕ್ಕದವಳು.

"ಗಿರಾಕಿ ಇಲ್ದಿದ್ದಾಗ ಕೂಕಂಬ್ಕೆ" ಎಂದಳು ಇನ್ನೊಬ್ಬಳು.

"ಎಲ್ಲರಿಗೂ" ಎಂದಳು ಬಸುರಿ.

ಅಣ್ಣ ಬೀಗದ ಕೈ ಹಿಡಿದುಕೊಂಡೇ ನಿಂತರು. "ಇದ್ರ್ ಲೀಡರ್ ಯಾರ್?" ಅವರ ಕಣ್ಣು ನನ್ನ ಮೇಲೆ ಬಿತ್ತು. "ಬಿ.ಕಾಂ. ಮೇಡಂ, ನಿಮ್ಗೆ ತಿರ್ಗು ಕುರ್ಚಿಯೇ ಇತ್ತಲೆ? ನೀವ್ ಎಂತಕ್ ನಿಂತದ್ದ್?"

"ಇವ್ರೆಲ್ಲ ನಿಂತಿದ್ರಲೆ ಅಣ್ಣಾ" ಎಂದೆ.

"ಅಣ್ಣ ಅಣ್ಣ ಅಂದ್ಕಂಡೇ ಯೂನಿಯನ್ ಮಾಡ್ಕಂಡ್ರ್ಯಾ?"

ನಾವು ಮಾಡಿಕೊಂಡದ್ದು ಯೂನಿಯನ್ನೋ ಅಲ್ಲವೋ ನಮಗೂ ಗೊತ್ತಿರಲಿಲ್ಲ. ರಸ್ತೆಯಲ್ಲಿ ಹೋಗುವವರು ನಿಂತು ನೋಡತೊಡಗಿದರು. ಅಣ್ಣ ಶಟರ್ ಎತ್ತಿದರು. ಮೂರನೆಯ ದಿನ ಆಟೋದಲ್ಲಿ ಪ್ಲಾಸ್ಟಿಕ್ ಸ್ಟೂಲುಗಳು ಬಂದವು. ಗಿರಾಕಿ ಎದುರಿದ್ದಾಗ ಕೂರಬಾರದು ಎಂಬ ಷರತ್ತಿನ ಮೇಲೆ.

ಅವಳು ಏಳನೆಯ ತಿಂಗಳು ತುಂಬುವವರೆಗೂ ಕೆಲಸ ಮಾಡಿದಳು. ಹೆಣ್ಣು ಮಗು ಹುಟ್ಟಿತು. ಮಳೆಗಾಲ ಶುರುವಾಗುವಾಗ ಮಗುವನ್ನು ತಾಯಿಯ ಹತ್ತಿರ ಬಿಟ್ಟು ಅಂಗಡಿಗೆ ಬಂದಳು. ಅವಳ ಜಾಗದಲ್ಲಿ ಬೀಜಾಡಿಯ ಹೊಸ ಹುಡುಗಿಯೊಬ್ಬಳಿದ್ದಳು. ಅಣ್ಣ ಮಗುವಿನ ಕುಶಲ ಕೇಳಿದರು, ಚಾ ತರಿಸಿದರು, ಕೊನೆಗೆ "ಮಳಿಗಾಲ ಕಳಿಲಿ, ಮತ್ ಕಾಂಬ" ಎಂದರು. ನಾವು ಕೇಳಿದ್ದು ಕೂರುವುದನ್ನು. ವಾಪಸು ಬರುವುದನ್ನು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಜಗಲಿಯಲ್ಲಿ ಮತ್ತೆ ಸಾಲಾಗಿ ನಿಂತೆವು. ಈ ಸಲ ಮಾತು ಹಂಚಿಕೊಂಡಿರಲಿಲ್ಲ. ಅವಳನ್ನು ನಡುವೆ ನಿಲ್ಲಿಸಿಕೊಂಡಿದ್ದೆವು, ಬೀಜಾಡಿಯ ಹುಡುಗಿಯೂ ನಮ್ಮ ಜೊತೆಗಿದ್ದಳು. ಅಣ್ಣ ರೈನ್‌ಕೋಟ್ ಬಿಚ್ಚದೆ ಸಾಲನ್ನು ಈ ತುದಿಯಿಂದ ಆ ತುದಿಗೆ ನೋಡಿದರು.

"ಗೊತ್ತಾಯ್ತ್" ಎಂದರು. ಶಟರ್ ಎತ್ತಿ, ತಿರುಗಿ ನೋಡದೆ ಅವಳಿಗೆ ಹೇಳಿದರು: "ನೀನ್ ಮಹಡಿಗ್ ಹೋಗ್. ಮಕ್ಳ್ ಬಟ್ಟಿ ತೋರ್ಸುಕ್ ಜನ ಇಲ್ಲೆ. ಆ ಹುಡ್ಗಿ ಸೀರೆಯಂಗೇ ಇರ್ಲಿ."

ಅವಳು ಮೇಲೆ ಹೋದಳು. ಸ್ವಲ್ಪ ಹೊತ್ತಿಗೆ ಕೆಳಗಿಳಿದು ಬಂದಳು. ಮಹಡಿಯಲ್ಲಿ ಅಲ್ಲಿಯವರೆಗೆ ಯಾರೂ ಖಾಯಂ ಇರಲಿಲ್ಲವಾದ್ದರಿಂದ ಅಲ್ಲಿಗೆ ಸ್ಟೂಲ್ ಹೋಗಿರಲಿಲ್ಲ. ಸೀರೆ ಕೌಂಟರಿನ ಅಡಿಯಿಂದ ಒಂದನ್ನು ಎಳೆದು, ಯಾರನ್ನೂ ಕೇಳದೆ, ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಅಣ್ಣ ಗಲ್ಲಾದ ಹಿಂದೆ ಕೂತು ಅದನ್ನು ನೋಡುತ್ತಿದ್ದರು.